ಆಟೊಮ್ಯಾಟಿಕ್ ರೋಲ್ ಕ್ಯಾಮೆರಾ: ತಪ್ಪು ಎಲ್ಲಿದೆ ಎಂದು ನೆಗೆಟಿವ್ ನೋಡಿ ಹಿಡಿಯುವುದು

ತೊಳೆಸಿ ತಂದ ರೋಲಿನಲ್ಲಿ ಚಿತ್ರವೇ ಇಲ್ಲ ಎಂದಾಗ ಮೊದಲು ಬೈಗುಳ ತಿನ್ನುವುದು ಕ್ಯಾಮೆರಾ, ಆಮೇಲೆ ಲ್ಯಾಬಿನವರು. ಇವರಲ್ಲಿ ಯಾರದು ತಪ್ಪು ಎಂದು ಹೇಳುವ ಸಾಕ್ಷಿ ನಿಮ್ಮ ಕೈಯಲ್ಲೇ ಇರುತ್ತದೆ. ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚಿತ್ರದ ಚೌಕ ಆಮೇಲೆ. ಮೊದಲು ತೂತುಗಳಿರುವ ಅಂಚು ನೋಡಿ. ಅಲ್ಲಿ ಫಿಲ್ಮಿನ ಹೆಸರು, 1, 1ಎ, 2, 2ಎ ಎಂಬ ಅಂಕಿಗಳು ಇರಬೇಕು. ಅವು ಮಸಿಯಲ್ಲಿ ಅಚ್ಚು ಹಾಕಿದವಲ್ಲ. ಕಾರ್ಖಾನೆಯಲ್ಲಿ ಬೆಳಕಿನಿಂದ ಬರೆದಿರುತ್ತಾರೆ. ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಮೂಡುತ್ತವೆ. ಹಾಗಾಗಿ ಅಂಚು ಲ್ಯಾಬಿನ ಲೆಕ್ಕ ಹೇಳುತ್ತದೆ, ಚೌಕ ಕ್ಯಾಮೆರಾದ ಲೆಕ್ಕ ಹೇಳುತ್ತದೆ.

ಈ ಒಂದು ಕಾರಣಕ್ಕಾಗಿಯೇ ರೋಲ್ ಕೊಡುವಾಗ "ಸ್ಕ್ಯಾನ್ ಕಳಿಸಿದರೆ ಸಾಕು" ಎನ್ನಬೇಡಿ. ಹುಬ್ಬಳ್ಳಿಯಿಂದ ಕೊರಿಯರ್ ಮಾಡಿ ಬೇರೆ ಊರಲ್ಲಿ ತೊಳೆಸಿದರೂ ನೆಗೆಟಿವ್ ವಾಪಸ್ ಬೇಕೆಂದು ಚೀಟಿಯಲ್ಲಿ ಬರೆಯಿರಿ. ಸ್ಕ್ಯಾನರ್ ತನ್ನಷ್ಟಕ್ಕೆ ತಾನೇ ಕತ್ತಲೆಯನ್ನು ತಿಳಿ ಮಾಡುತ್ತದೆ, ತಿಳಿಯನ್ನು ಗಾಢ ಮಾಡುತ್ತದೆ. ಫೋನಿನಲ್ಲಿ ಬಂದ ಚಿತ್ರ ನೋಡಿ ಕ್ಯಾಮೆರಾದ ರೋಗ ಹೇಳಲಾಗದು.

ಇಲ್ಲಿ ಹೇಳುವುದೆಲ್ಲ ಕ್ಯಾನನ್ ಇಒಎಸ್ 300 (1999), ನಿಕಾನ್ ಎಫ್80 (2000), ನಿಕಾನ್ ಎಫ್75 (2003) ಮಾದರಿಯ, ಮೋಟರಿನಿಂದ ರೋಲ್ ಸುತ್ತುವ, ತಾನೇ ಫೋಕಸ್ ಮಾಡುವ ಕ್ಯಾಮೆರಾಗಳಿಗೆ. ಮನೆಯ ಟ್ರಂಕಿನಲ್ಲೋ ಹಳೆಯ ಸ್ಟುಡಿಯೊದ ಶೋಕೇಸಿನಲ್ಲೋ ಈಗ ಹೆಚ್ಚಾಗಿ ಸಿಗುವುದು ಇವೇ.

ಅಂಚು ಮತ್ತು ಚೌಕ

ಅಂಚಿನ ಅಂಕಿ ಗಟ್ಟಿಯಾಗಿದೆ, ಚೌಕಗಳೆಲ್ಲ ಖಾಲಿ. ತೊಳೆದದ್ದು ಸರಿಯಾಗಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಒಂದೋ ರೋಲ್ ಮುಂದೆ ಸರಿದಿಲ್ಲ, ಇಲ್ಲವೇ ಶಟರ್ (ಫಿಲ್ಮಿನ ಮುಂದೆ ಕ್ಷಣಕಾಲ ತೆರೆದು ಮುಚ್ಚುವ ತೆಳು ಎಲೆಗಳು) ತೆರೆದಿಲ್ಲ. ಪಟ್ಟಿಯ ಆರಂಭದ ಹತ್ತಿರ ಒಂದೇ ಒಂದು ಚೌಕ ಕಡುಗಪ್ಪಾಗಿದ್ದು ಉಳಿದದ್ದೆಲ್ಲ ಖಾಲಿ ಇದ್ದರೆ ರೋಲ್ ಸರಿದಿಲ್ಲ ಎಂದೇ ಅರ್ಥ: ಎಲ್ಲ ಚಿತ್ರಗಳೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದಿವೆ.

ಅಂಕಿಯೂ ಇಲ್ಲ, ಚಿತ್ರವೂ ಇಲ್ಲ, ಪಟ್ಟಿ ಪೂರ್ತಿ ಬೋಳು. ಇದು ರಾಸಾಯನಿಕದ ತಪ್ಪು. ಡೆವಲಪರ್ ಸತ್ತಿರುತ್ತದೆ ಅಥವಾ ಡೆವಲಪರ್ ಆದ ಮೇಲೆ ಹಾಕಬೇಕಾದ ಫಿಕ್ಸರ್ ಮೊದಲು ಬಿದ್ದಿರುತ್ತದೆ. ಕ್ಯಾಮೆರಾ ಬಿಚ್ಚುವ ಅಗತ್ಯವಿಲ್ಲ.

ಅಂಚು ಸಮೇತ ಇಡೀ ಪಟ್ಟಿ ಕಪ್ಪು. ಕ್ಯಾಮೆರಾದ ಹಿಂಬಾಗಿಲು ತೆರೆದಿದೆ, ಅಥವಾ ತೊಳೆಯುವ ಮುಂಚೆ ಎಲ್ಲೋ ಬೆಳಕು ಕಂಡಿದೆ.

ಅಂಕಿ ಚೆನ್ನಾಗಿದ್ದು ಚೌಕ ಮಾತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಬಿದ್ದಿದೆ. ಅಂಕಿಯೂ ಚೌಕವೂ ಸೇರಿ ತೆಳುವಾಗಿದ್ದರೆ ತೊಳೆದದ್ದು ಸಾಲಲಿಲ್ಲ. ಕಲರ್ ನೆಗೆಟಿವ್‌ಗೆ ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್ ಬೇಕು, ಅದರಲ್ಲಿ ಕೊರತೆಯಾದರೆ ಹೀಗಾಗುತ್ತದೆ. ಚೌಕ ದಪ್ಪಗೆ, ಗಾಢವಾಗಿದ್ದರೆ ಬೆಳಕು ಹೆಚ್ಚಾಗಿದೆ. ಕಲರ್ ನೆಗೆಟಿವ್ ಎರಡು ಸ್ಟಾಪ್ (ಒಂದು ಸ್ಟಾಪ್ ಹೆಚ್ಚು ಎಂದರೆ ಬೆಳಕು ಎರಡು ಪಟ್ಟು, ಕಡಿಮೆ ಎಂದರೆ ಅರ್ಧ) ಹೆಚ್ಚಿನ ಬೆಳಕನ್ನು ನುಂಗಿಕೊಳ್ಳುತ್ತದೆ, ಆದರೆ ಒಂದು ಸ್ಟಾಪ್ ಕಡಿಮೆಯಾದರೂ ನೆರಳುಗಳು ಮಣ್ಣು ಬಣ್ಣಕ್ಕೆ ತಿರುಗುತ್ತವೆ. ಸಂಶಯ ಬಂದಾಗ ಬೆಳಕು ಹೆಚ್ಚಾಗುವ ಕಡೆ ವಾಲಬೇಕು ಅನ್ನುವುದು ಇದಕ್ಕೇ.

ಚೌಕಗಳ ನಡುವಿನ ಸಂದಿಯನ್ನೂ ನೋಡಿ. ಒಂದು ಚೌಕ 24 × 36 ಮಿ.ಮೀ. ಒಂದರ ಆರಂಭದಿಂದ ಮುಂದಿನದರ ಆರಂಭಕ್ಕೆ 8 ತೂತು, ಅಂದರೆ 38 ಮಿ.ಮೀ. ಸಂದಿ ಒಂದು ಕಡೆ ಅಗಲ, ಒಂದು ಕಡೆ ಇಲ್ಲವೇ ಇಲ್ಲ ಎಂದರೆ ಸುತ್ತುವ ಮೋಟರ್ ಅಥವಾ ಸೆಲ್ ದಣಿದಿದೆ.

ಚೌಕದ ಒಂದು ಭಾಗಕ್ಕೆ ಮಾತ್ರ ಬೆಳಕು ಬಿದ್ದಿಲ್ಲವೆ? ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಷ್ಟೇ ಹಾಗಾಗಿದ್ದರೆ ಶಟರ್ ವೇಗ ಹೆಚ್ಚಿತ್ತು. ಇಒಎಸ್ 300 ಮತ್ತು ಎಫ್75ರ ಮಿತಿ 1/90 ಸೆಕೆಂಡ್, ಎಫ್80ಕ್ಕೆ 1/125. ಕ್ಯಾಮೆರಾದ ತಲೆಯಲ್ಲಿರುವ ಫ್ಲ್ಯಾಶ್ ಈ ಮಿತಿ ಮೀರಲು ಬಿಡುವುದಿಲ್ಲ. ಹೊರಗಿನಿಂದ ಸಿಕ್ಕಿಸಿದ ಹಳೆಯ ಸ್ಟುಡಿಯೊ ಫ್ಲ್ಯಾಶಿಗೆ ಅದು ಗೊತ್ತೇ ಇರುವುದಿಲ್ಲ. ಮದುವೆ ಕಾಲದ ಆ ಹಳೆಯ ಫ್ಲ್ಯಾಶ್‌ಗಳನ್ನು ಸುಮ್ಮನೆ ಸಿಕ್ಕಿಸಲೂ ಬೇಡಿ. ಕೆಲವದರ ಟ್ರಿಗರ್ ವೋಲ್ಟೇಜ್ (ಫ್ಲ್ಯಾಶ್ ಹೊತ್ತಿಸುವಾಗ ಕ್ಯಾಮೆರಾದ ಮೇಲೆ ಬೀಳುವ ವೋಲ್ಟೇಜ್) 200 ದಾಟುತ್ತದೆ, ಎಲೆಕ್ಟ್ರಾನಿಕ್ ಬಾಡಿಯನ್ನು ಸುಟ್ಟುಬಿಡಬಹುದು. ಫ್ಲ್ಯಾಶ್ ಇಲ್ಲದ ಚಿತ್ರಗಳಲ್ಲೂ ಅದೇ ಅರೆಗತ್ತಲೆ ಇದ್ದರೆ ಶಟರ್ ಎಲೆಗಳು ಅಂಟುತ್ತಿವೆ.

ರೋಲ್ ಹಾಕದೆ ಮಾಡುವ ಪರೀಕ್ಷೆ

ಶಟರ್ ಮೇಲೆ ಅನುಮಾನ ಬಂದರೆ ಖಾಲಿ ಕ್ಯಾಮೆರಾದ ಹಿಂಬಾಗಿಲು ತೆರೆದು, ಲೆನ್ಸ್ ತೆಗೆದು, ಬೆಳಗಿನ ಆಕಾಶದ ಕಡೆ ತಿರುಗಿಸಿ. ನೇರ ಸೂರ್ಯನ ಕಡೆ ಬೇಡ. ಮೋಡ್ ಡಯಲ್ 'ಎಂ'ಗೆ (ಮ್ಯಾನುಯಲ್) ಇಟ್ಟು 1 ಸೆಕೆಂಡಿನಲ್ಲಿ ಒತ್ತಿ: ಪೂರ್ತಿ ಚೌಕ ಬೆಳಗಿ ಮುಚ್ಚಬೇಕು. 1/60ರಲ್ಲಿ ಒಂದು ಮಿಂಚು. 1/1000ದಲ್ಲೂ ಮಿಂಚು ಕಾಣಬೇಕು, ಮಂಕಾದರೂ ಚೌಕದ ತುದಿಯಿಂದ ತುದಿಗೆ ಸಮನಾಗಿ. ಒಂದು ಅಂಚು ಕತ್ತಲೆಯಾಗಿಯೇ ಉಳಿದರೆ ಎಲೆಗಳ ವೇಗದಲ್ಲಿ ವ್ಯತ್ಯಾಸವಿದೆ. ಹತ್ತು ಬಾರಿ ಒತ್ತಿ. ಬಹಳ ದಿನ ಬಳಸದ ಶಟರ್ ಮೊದಲ ಎರಡು ಸಲ ತಡವರಿಸಿ ಆಮೇಲೆ ಸರಿಹೋಗುವುದುಂಟು. ಅಂಥದ್ದು ಮರುದಿನ ಬೆಳಿಗ್ಗೆ ಮತ್ತೆ ತಡವರಿಸುತ್ತದೆಯೇ ಎಂದು ನೋಡಿ.

ಎಲೆಗಳ ಮೇಲೆ ಕಪ್ಪು ಎಣ್ಣೆಯಂಥ ಕಲೆ ಕಂಡರೆ ಅಲ್ಲಿಗೇ ನಿಲ್ಲಿ. 1987ರಲ್ಲಿ ಬಂದ ಇಒಎಸ್ 650 ಮತ್ತು ಅದರ ಬೆನ್ನಿಗೆ ಬಂದ ಇಒಎಸ್ ಮಾದರಿಗಳಲ್ಲಿ ಶಟರ್ ಎಲೆಗಳನ್ನು ತಡೆಯುವ ಒಂದು ಮೆತ್ತೆ ಇರುತ್ತದೆ. ವರ್ಷಗಳಾದ ಮೇಲೆ ಅದು ಕರಗಿ ಅಂಟಾಗುತ್ತದೆ. ಹತ್ತಿಯಿಂದ ಒರೆಸಿದರೆ ಒಂದು ರೋಲಿನ ಮಟ್ಟಿಗೆ ಸರಿಹೋದಂತೆ ಕಾಣುತ್ತದೆ, ಮೆತ್ತೆ ಕರಗುತ್ತಲೇ ಇರುವುದರಿಂದ ಕಲೆ ಮತ್ತೆ ಬರುತ್ತದೆ. ಎಲೆಗಳು ಕಾಗದಕ್ಕಿಂತ ತೆಳು, ಒಮ್ಮೆ ಮಡಚಿದರೆ ಕ್ಯಾಮೆರಾ ಮುಗಿಯಿತು. ಇದು ಮೆಕ್ಯಾನಿಕ್ ಕೆಲಸ.

ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ರಂಧ್ರ; ಎಫ್ ಅಂಕಿ ದೊಡ್ಡದಾದಷ್ಟೂ ರಂಧ್ರ ಸಣ್ಣದು) ನೋಡಲು ಲೆನ್ಸ್ ಮತ್ತೆ ಹಾಕಿ, ಎಫ್/16, 1 ಸೆಕೆಂಡ್ ಇಟ್ಟು ಹಿಂದಿನಿಂದ ನೋಡುತ್ತ ಒತ್ತಿ. ಸಣ್ಣ ರಂಧ್ರ ಕಾಣಬೇಕು. ಎಫ್/4ಕ್ಕೂ ಎಫ್/16ಕ್ಕೂ ರಂಧ್ರ ಒಂದೇ ಆಗಿದ್ದರೆ ಲೆನ್ಸಿನ ಎಲೆಗಳು ಹಿಡಿದುಕೊಂಡಿವೆ.

ಸೆಲ್

ಈ ಕ್ಯಾಮೆರಾಗಳ ಅರ್ಧಕ್ಕರ್ಧ ತೊಂದರೆ ಸೆಲ್ಲಿನದು. ಇಒಎಸ್ 300, ನಿಕಾನ್ ಎಫ್65, ಎಫ್75ಕ್ಕೆ ಸಿಆರ್2 ಎರಡು. ಎಫ್80ಕ್ಕೆ ಸಿಆರ್123ಎ ಎರಡು. ಇಒಎಸ್ 650ಕ್ಕೆ 2ಸಿಆರ್5 ಒಂದು. ಅಂಗಡಿಯಲ್ಲಿ ಬರೀ "ಕ್ಯಾಮೆರಾ ಸೆಲ್ ಕೊಡ್ರಿ" ಎಂದರೆ ಪೆನ್ಸಿಲ್ ಸೆಲ್ ಕೈಗೆ ಬರುತ್ತದೆ. ಹಳೆಯ ಸೆಲ್ಲನ್ನೇ ಹಿಡಿದುಕೊಂಡು ಹೋಗಿ.

ಸಿಆರ್2 ಮತ್ತು ಸಿಆರ್123ಎ ತಲಾ 3 ವೋಲ್ಟ್. ಹೊಸದನ್ನು ಮಲ್ಟಿಮೀಟರಿಗೆ ಹಿಡಿದರೆ 3.2ರ ಆಸುಪಾಸು ತೋರಿಸುತ್ತದೆ. 2.9ಕ್ಕೆ ಇಳಿದಿದ್ದರೆ ನಂಬಬೇಡಿ. ಆದರೆ ಮೀಟರ್ ಕೂಡ ಅರ್ಧ ಸತ್ಯವನ್ನೇ ಹೇಳುತ್ತದೆ. ಕ್ಯಾಮೆರಾದ ಮೇಲಿನ ಪರದೆಯಲ್ಲಿ ಅಂಕಿ ತೋರಿಸಲು ಕರೆಂಟ್ ಎಳ್ಳಷ್ಟು ಸಾಕು, ಕನ್ನಡಿ ಎತ್ತಿ ರೋಲ್ ಎಳೆಯಲು ಬಹಳ ಬೇಕು. ಆದ್ದರಿಂದ ಪರದೆ ಚೆನ್ನಾಗಿ ಬೆಳಗಿ, ಫೋಕಸ್ ಕೂಡ ಆಗಿ, ಒತ್ತಿದ ಕ್ಷಣಕ್ಕೆ ಎಲ್ಲ ಸತ್ತುಹೋದರೆ ಅದು ಕ್ಯಾಮೆರಾ ಕೆಟ್ಟ ಲಕ್ಷಣವಲ್ಲ, ಸೆಲ್ ಸೋತ ಲಕ್ಷಣ. ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದನ್ನು ಬದಲಿಸಿ.

ಅಗ್ಗ ಎಂದು ಚಾರ್ಜ್ ಮಾಡುವ ಲಿಥಿಯಂ ಸೆಲ್ ಹಾಕುವವರಿದ್ದಾರೆ. ಅದು ಪೂರ್ತಿ ತುಂಬಿದಾಗ ಒಂದೊಂದೂ 4.2 ವೋಲ್ಟ್, 6 ವೋಲ್ಟ್ ಬೇಕಾದ ಸರ್ಕೀಟಿಗೆ 8.4 ಹೋಗುತ್ತದೆ. ಬೇಡ.

ಹೊಸ ಸೆಲ್ ಹಾಕಿದರೂ ಜೀವ ಬರದಿದ್ದರೆ ಸೆಲ್ ಮುಟ್ಟುವ ಲೋಹದ ತುದಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಪೆನ್ಸಿಲ್ ಸೆಲ್ ಬಳಸುವ ಗ್ರಿಪ್ (ಕ್ಯಾಮೆರಾದ ಕೆಳಗೆ ಸಿಕ್ಕಿಸುವ ಹಿಡಿಕೆ) ಇದ್ದು ಬಿಳಿ ಪುಡಿ ಕಟ್ಟಿದ್ದರೆ ಮೊದಲು ಒಂದೆರಡು ಹನಿ ವಿನೆಗರ್, ಆಮೇಲೆ ಆಲ್ಕೋಹಾಲ್. ಸೆಲ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕುವುದರಿಂದಲೂ ಸಿಕ್ಕಿಹಾಕಿಕೊಂಡ ಸರ್ಕೀಟ್ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ.

ಗುಂಡಿ ಒತ್ತಿದರೂ ಫೋಟೊ ಬೀಳುತ್ತಿಲ್ಲ

ಸೆಲ್ ಸರಿಯಿದ್ದೂ ಗುಂಡಿ ಕೇಳದಿದ್ದರೆ ಲೆನ್ಸಿನ ಮೇಲಿನ ಸ್ವಿಚ್ಚನ್ನು ಮ್ಯಾನುಯಲ್ ಫೋಕಸಿಗೆ ತಳ್ಳಿ ಒತ್ತಿ ನೋಡಿ (ನಿಕಾನ್‌ನಲ್ಲಿ ಈ ಸ್ವಿಚ್ ಬಾಡಿಯ ಮೇಲೂ ಇರುತ್ತದೆ). ಈಗ ಫೋಟೊ ಬಿದ್ದರೆ ಕ್ಯಾಮೆರಾ ಗಟ್ಟಿಯಾಗಿದೆ. ಒಂದೇ ಸಲ ಫೋಕಸ್ ಹಿಡಿಯುವ ಮೋಡಿನಲ್ಲಿ ಫೋಕಸ್ ಸಿಗುವ ತನಕ ಅದು ಶಟರ್ ಬಿಡುವುದಿಲ್ಲ, ಅಷ್ಟೇ. ಅದಕ್ಕೆ ಬೇಕಾದದ್ದು ತಿಳಿ-ಗಾಢದ ಗೆರೆ. ಸುಣ್ಣ ಬಳಿದ ಗೋಡೆ, ಹತ್ತಿಯ ರಾಶಿ, ಮಳೆಗಾಲದ ಬೆಳಿಗ್ಗೆ ಉಣಕಲ್ ಕೆರೆಯ ಮೇಲಿನ ಮಂಜು, ಇವುಗಳಲ್ಲಿ ಹಿಡಿಯಲು ಗೆರೆಯೇ ಇರುವುದಿಲ್ಲ. ಲೆನ್ಸ್ ಗುಂಯ್ ಎನ್ನುತ್ತ ಮುಂದೆ ಹಿಂದೆ ಓಡಾಡುತ್ತದೆ. ಅಷ್ಟೇ ದೂರದಲ್ಲಿರುವ ಬೇರೊಂದು ವಸ್ತುವಿನ ಅಂಚಿಗೆ ಮಧ್ಯದ ಬಿಂದು ಇಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಚೌಕಟ್ಟನ್ನು ತಿರುಗಿಸಿಕೊಂಡು ಪೂರ್ತಿ ಒತ್ತಿ. ತೀರ ಹತ್ತಿರ ಹೋದರೂ ಹೀಗೇ ಆಗುತ್ತದೆ. ಜೊತೆಗೆ ಬರುವ ಸಾಮಾನ್ಯ 28-80 ಲೆನ್ಸಿಗೆ ಸುಮಾರು 40 ಸೆಂ.ಮೀ. ದೂರವಾದರೂ ಬೇಕು.

ಪರದೆ ಕೊಡುವ ಸುಳಿವು ಇನ್ನೊಂದಿದೆ. ಅಪರ್ಚರ್ ಅಂಕಿಯ ಜಾಗದಲ್ಲಿ ಕ್ಯಾನನ್ '00' ಎಂದೋ ನಿಕಾನ್ 'ಎಫ್--' ಎಂದೋ ತೋರಿಸಿದರೆ ಲೆನ್ಸ್ ಜೊತೆ ಮಾತುಕತೆ ನಿಂತಿದೆ. ಲೆನ್ಸನ್ನು ಟಿಕ್ ಎನ್ನುವ ತನಕ ತಿರುಗಿಸಿ, ಚಿನ್ನದ ಬಣ್ಣದ ಚುಕ್ಕೆಗಳನ್ನು ಆಲ್ಕೋಹಾಲಿನಿಂದ ಒರೆಸಿ. ನಿಕಾನ್‌ನಲ್ಲಿ 'ಎಫ್‌ಇಇ' ಮಿನುಗಿದರೆ ಲೆನ್ಸಿನ ಅಪರ್ಚರ್ ಉಂಗುರ ಅತಿ ದೊಡ್ಡ ಅಂಕಿಗೆ (ಸಾಮಾನ್ಯವಾಗಿ 22) ಹೋಗಿಲ್ಲ. ತಿರುಗಿಸಿ, ಲಾಕ್ ಮಾಡಿ, ಅಷ್ಟರಲ್ಲೇ ಮುಗಿಯುತ್ತದೆ.

ಡಿಜಿಟಲ್ ಕ್ಯಾಮೆರಾದ ಲೆನ್ಸ್ ಎರವಲು ತರುವವರಿಗೆ ಒಂದು ಮಾತು. ಕ್ಯಾನನ್‌ನ ಇಎಫ್ ಲೆನ್ಸ್‌ಗಳೆಲ್ಲ ಕೂರುತ್ತವೆ, ಇಎಫ್-ಎಸ್ ಕೂರುವುದಿಲ್ಲ, ಒತ್ತಾಯ ಮಾಡಿದರೆ ಕನ್ನಡಿ ಒಡೆಯುತ್ತದೆ. ನಿಕಾನ್‌ನ ಡಿಎಕ್ಸ್ ಲೆನ್ಸ್ ಕೂರುತ್ತದೆ, ಮೂಲೆಗಳು ಕಪ್ಪಾಗುತ್ತವೆ. ಎಎಫ್-ಪಿ ಲೆನ್ಸಿನಲ್ಲಿ ಫೋಕಸೇ ಆಗದು.

ರೋಲ್ ಹಾಕುವಾಗ, ತೆಗೆಯುವಾಗ

ನೆರಳಿನಲ್ಲಿ ಹಾಕಿ. ಫಿಲ್ಮಿನ ನಾಲಿಗೆ ಒಳಗಿನ ಗುರುತಿನವರೆಗೆ ಮಾತ್ರ ಬರಬೇಕು. ಉದ್ದ ಎಳೆದರೆ ಸಡಿಲು ಬಿದ್ದು ಹಲ್ಲಿಗೆ ಸಿಗುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಅಂಕಿ ಬರಲೇಬೇಕು. ರೋಲಿನ ಚಿಹ್ನೆ ಮಿನುಗುತ್ತಿದ್ದರೆ ಸಿಕ್ಕಿಲ್ಲ ಎಂದೇ ತಿಳಿಯಿರಿ.

ಇಒಎಸ್ 300ರಲ್ಲಿ ಬಾಗಿಲು ಮುಚ್ಚಿದ ಕೂಡಲೇ ಇಡೀ ರೋಲ್ ಹೊರಗೆ ಸುತ್ತಿಕೊಂಡು ಬಿಡುತ್ತದೆ, ಆಮೇಲೆ ಒಂದೊಂದು ಫೋಟೊಗೂ ಡಬ್ಬಿಯೊಳಕ್ಕೆ ಹಿಂದಿರುಗುತ್ತದೆ. ಲೆಕ್ಕ 36ರಿಂದ ಇಳಿಯುತ್ತ ಬರುವುದು ದೋಷವಲ್ಲ. ಇದರಲ್ಲಿ ದೊಡ್ಡ ಲಾಭವಿದೆ: ನಡುವೆ ಬಾಗಿಲು ತೆರೆದರೂ ತೆಗೆದ ಚಿತ್ರಗಳು ಡಬ್ಬಿಯಲ್ಲಿ ಸುರಕ್ಷಿತ, ಹಾಳಾಗುವುದು ಇನ್ನೂ ತೆಗೆಯದ ಭಾಗ. ಲೆಕ್ಕ ಏರುವ ಕ್ಯಾಮೆರಾದಲ್ಲಿ ಇದು ತಿರುವುಮುರುವು.

ಸೆಲ್ ಬದಲಿಸಿದರೂ ಮೋಟರ್ ರೋಲನ್ನು ಒಳಗೆ ಎಳೆಯದಿದ್ದರೆ ಹಗಲಲ್ಲಿ ಬಾಗಿಲು ತೆರೆಯಬೇಡಿ. ರಾತ್ರಿ, ಕಿಟಕಿಯಿಲ್ಲದ ಒಳಕೋಣೆ, ಬಾಗಿಲ ಸಂದಿಗೆ ಕಂಬಳಿ. ಫೋನು ಹೊರಗೆ, ಸ್ವಿಚ್‌ಬೋರ್ಡಿನ ಕೆಂಪು ದೀಪಕ್ಕೂ ಬಟ್ಟೆ. ಐದು ನಿಮಿಷ ಕುಳಿತ ಮೇಲೂ ಕೈ ಕಾಣದಿದ್ದರೆ ಕತ್ತಲೆ ಸಾಕು. ಡಬ್ಬಿಯನ್ನು ಎತ್ತಿ, ಅದರ ನಡುವಿನ ಕಡ್ಡಿಯನ್ನು ತಿರುಗಿಸುತ್ತ ಫಿಲ್ಮನ್ನು ನಿಧಾನಕ್ಕೆ ಒಳಗೆ ಸುತ್ತಿ.

ಕ್ಯಾಮೆರಾ ಮೋಸಹೋಗುವ ಜಾಗಗಳು

ಚೌಕ ತೆಳು ಅಥವಾ ದಪ್ಪ ಬಂದಾಗ ಮೊದಲು ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಅಂಕಿ: 100, 200, 400) ನೋಡಬೇಕು. ಡಬ್ಬಿಯ ಮೇಲಿನ ಬೆಳ್ಳಿ-ಕಪ್ಪು ಚೌಕಗಳೇ ಡಿಎಕ್ಸ್ ಕೋಡ್. ಬಣ್ಣವಿಲ್ಲದ ಲೋಹದಲ್ಲಿ ಕರೆಂಟ್ ಹರಿಯುತ್ತದೆ, ಬಣ್ಣ ಬಳಿದಲ್ಲಿ ಹರಿಯದು. ಒಳಗಿನ ಸಣ್ಣ ಪಿನ್ನುಗಳು ಅದನ್ನು ಓದುತ್ತವೆ. ಉದ್ದ ಫಿಲ್ಮ್ ಕತ್ತರಿಸಿ ಕೈಯಿಂದ ತುಂಬಿ ಮಾರುವ ಡಬ್ಬಿಗಳಲ್ಲಿ ಈ ಕೋಡ್ ಇಲ್ಲದೆ ಇರಬಹುದು. ಆಗ ಎಫ್75ರಂಥ ಕ್ಯಾಮೆರಾ 100 ಎಂದುಕೊಳ್ಳುತ್ತದೆ. ನಿಮ್ಮದು 400 ಆಗಿದ್ದರೆ ಪ್ರತಿ ಚಿತ್ರಕ್ಕೂ ಎರಡು ಸ್ಟಾಪ್ ಹೆಚ್ಚು ಬೆಳಕು. ಇಒಎಸ್ 300, ಎಫ್80ರಲ್ಲಿ ಐಎಸ್‌ಒ ಕೈಯಿಂದಲೇ ಇಡಬಹುದು. ಕೈಯಿಂದ ತುಂಬಿದ್ದು ಸಿನಿಮಾ ಫಿಲ್ಮ್ ಆಗಿದ್ದು ಹಿಂದೆ ರೆಮ್‌ಜೆಟ್ ಕಪ್ಪು ಲೇಪವಿದ್ದರೆ ಲ್ಯಾಬಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರ ರಾಸಾಯನಿಕವೆಲ್ಲ ಕೆಡುತ್ತದೆ.

ಐಎಸ್‌ಒ ಸರಿಯಿದ್ದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಸರದಿ. ಬಯಲಿನಲ್ಲಿ, ಮೋಡವಿಲ್ಲದ ಮಧ್ಯಾಹ್ನ, 200ರ ಫಿಲ್ಮಿಗೆ ಎಫ್/16 ಇಟ್ಟರೆ 1/200ರ ಹತ್ತಿರ ಬರಬೇಕು. ಒಂದು ಸ್ಟಾಪ್ ಆಚೀಚೆ ಪರವಾಗಿಲ್ಲ. ಎರಡು ದಾಟಿದರೆ ಬೆಳಕನ್ನು ಹೆಚ್ಚು-ಕಡಿಮೆ ಮಾಡಲು ಯಾರೋ ಹಿಂದೆ ಇಟ್ಟ ಪ್ಲಸ್-ಮೈನಸ್ ಹೊಂದಾಣಿಕೆ ಹಾಗೇ ಉಳಿದಿದೆಯೇ ನೋಡಿ.

ಮೀಟರ್ ಸರಿಯಿದ್ದೂ ಚಿತ್ರ ತಪ್ಪುವುದೇ ಹೆಚ್ಚು. ಮೀಟರಿಗೆ ಜಗತ್ತೆಲ್ಲ ನಡುಬೂದು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಪ್ಪು ಬಳಪದ ಕಲ್ಲಿನ ಬಾಗಿಲವಾಡ ಚೌಕಟ್ಟು ತುಂಬಿದರೆ, ಕತ್ತಲೆ ಇದೆ ಎಂದುಕೊಂಡು ಅದು ಬೆಳಕು ಹೆಚ್ಚಿಸುತ್ತದೆ. ಕಲ್ಲು ಬೂದಿ ಬಣ್ಣಕ್ಕೆ ಬರುತ್ತದೆ, ಕೆತ್ತನೆಯ ಗಟ್ಟಿತನ ಹೋಗುತ್ತದೆ. ಮೈನಸ್ 1 ಇಡಿ. ಉಳುಮೆಯಾದ ಎರಿ ಹೊಲಕ್ಕೂ ಇದೇ ಲೆಕ್ಕ. ಹತ್ತಿ ರಾಶಿಗೆ ಉಲ್ಟಾ: ಬೆಳಕು ಬಹಳ ಎಂದುಕೊಂಡು ಕಡಿಮೆ ಮಾಡುತ್ತದೆ, ಬಿಳಿ ಹತ್ತಿ ಕೊಳೆಯಾಗಿ ಕಾಣುತ್ತದೆ. ಪ್ಲಸ್ 1, ಬಿಸಿಲಿದ್ದರೆ ಪ್ಲಸ್ ಒಂದೂವರೆ. ಆಕಾಶ ಹಿಂದಿಟ್ಟುಕೊಂಡು ನಿಂತ ಮನುಷ್ಯನ ಮುಖ ಕಪ್ಪಾಗುವುದೂ ಇದರಿಂದಲೇ. ಪೂರ್ತಿ ಆಟೊ ಮೋಡಿನಲ್ಲಿ ಈ ಹೊಂದಾಣಿಕೆ ಕೆಲಸ ಮಾಡುವುದಿಲ್ಲ, ಮೋಡ್ ಡಯಲ್ ತಿರುಗಿಸಿ 'ಪಿ'ಗೆ ಬನ್ನಿ.

ಸಂಜೆಯ ಜಾತ್ರೆ, ನಾಟಕದ ರಂಗಸ್ಥಳದ ಚಿತ್ರ ಕತ್ತಲೆಯಾಗಿದ್ದರೆ ಫ್ಲ್ಯಾಶ್ ಕೆಟ್ಟಿತೆಂದು ತಿಳಿಯಬೇಡಿ. ತಲೆಯಲ್ಲಿನ ಈ ಸಣ್ಣ ಫ್ಲ್ಯಾಶಿನ ಗೈಡ್ ನಂಬರ್ 12. ಅದನ್ನು ಅಪರ್ಚರಿನಿಂದ ಭಾಗಿಸಿದರೆ ಮುಟ್ಟುವ ದೂರ ಸಿಗುತ್ತದೆ: 100ರ ಫಿಲ್ಮಿಗೆ ಎಫ್/4ರಲ್ಲಿ 3 ಮೀಟರ್, 400ಕ್ಕೆ 6 ಮೀಟರ್. ಹತ್ತನೇ ಸಾಲಿನಿಂದ ರಂಗಸ್ಥಳಕ್ಕೆ ಅದು ಮುಟ್ಟುವುದಿಲ್ಲ, ಮುಂದಿನ ಸಾಲಿನವರ ತಲೆಗಳಷ್ಟೇ ಬೆಳಗುತ್ತವೆ.

ಗೆರೆ, ಕೂದಲು, ಕೆಂಪು ಪಟ್ಟಿ

ಪ್ರಿಂಟಿನಲ್ಲಿ ಕಿತ್ತಳೆ-ಕೆಂಪು ಪಟ್ಟಿ ಇದ್ದರೆ ನೆಗೆಟಿವ್‌ನಲ್ಲಿ ಆ ಕಲೆ ತೂತುಗಳವರೆಗೂ ಹರಿದಿದೆಯೇ ನೋಡಿ. ಹರಿದಿದ್ದರೆ ಬಾಡಿಯಿಂದ ಬೆಳಕು ಸೋರುತ್ತಿದೆ: ಬಾಗಿಲ ಹಿಂಜಿನ ಹತ್ತಿರದ ಫೋಮ್, ಡಬ್ಬಿ ಕಾಣುವ ಕಿಂಡಿಯ ಸುತ್ತಲಿನ ಪಟ್ಟಿ ಪುಡಿಯಾಗಿರುತ್ತದೆ. ಚೌಕದೊಳಗೇ ನಿಂತಿದ್ದರೆ ಸೋರಿಕೆಯಲ್ಲ, ಲೆನ್ಸಿಗೆ ಬಿಸಿಲು ಬಡಿದದ್ದು ಅಥವಾ ಶಟರಿನದು.

ಪಟ್ಟಿಯುದ್ದಕ್ಕೂ ಒಂದೇ ನೇರ ಗೀರು ಎಂದರೆ ಫಿಲ್ಮ್ ಒತ್ತುವ ತಟ್ಟೆಯ ಮೇಲೆ ಅಥವಾ ಡಬ್ಬಿಯ ಬಾಯಿಯ ಮಕಮಲ್ಲಿನಲ್ಲಿ ಮರಳ ಕಣ ಸಿಕ್ಕಿದೆ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕೂದಲಿನಂಥ ನೆರಳು ಇದ್ದರೆ ಫಿಲ್ಮ್ ಕಿಂಡಿಯ ಅಂಚಿನಲ್ಲಿ ಎಳೆಯೊಂದು ಕೂತಿದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಚಿತ್ರದ ಮೇಲ್ಭಾಗದಲ್ಲಿ ಕಂಡ ಎಳೆಯನ್ನು ಕಿಂಡಿಯ ಕೆಳ ಅಂಚಿನಲ್ಲಿ ಹುಡುಕಿ. ಹತ್ತಿ ಮಾರುಕಟ್ಟೆಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ರಾಶಿಗಳ ನಡುವೆ ಲೆನ್ಸನ್ನೂ ರೋಲನ್ನೂ ಬದಲಿಸಬಾರದು. ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಬೇಡ, ಎಂಜಲು ಸಿಡಿಯುತ್ತದೆ. ವ್ಯೂಫೈಂಡರಿನಲ್ಲಿ ಕಾಣುವ ಚುಕ್ಕೆ ಕನ್ನಡಿಯ ಅಥವಾ ಗಾಜಿನ ಧೂಳು, ಫೋಟೊದಲ್ಲಿ ಬರದು, ಮುಟ್ಟಬೇಡಿ.

ಧಾರವಾಡದ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಲೆನ್ಸಿಗೆ ಬೂಜು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಫ್ರಿಜ್ಜಿನಲ್ಲಿಟ್ಟ ರೋಲನ್ನು ಹೊರತೆಗೆದು ಎರಡು ತಾಸು ಬಿಟ್ಟು ಪ್ಲಾಸ್ಟಿಕ್ ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಫಿಲ್ಮಿನ ಮೇಲೆ ನೀರಹನಿ ಕೂರುತ್ತದೆ.

ಸೆಲ್ ತೆಗೆದು ಹಾಕಿದರೂ, ಲೆನ್ಸ್ ಇಲ್ಲದೆ ಒತ್ತಿದರೂ ನಿಕಾನ್‌ನಲ್ಲಿ 'ಎರರ್' ಅಥವಾ ಕ್ಯಾನನ್‌ನಲ್ಲಿ ಸೆಲ್ಲಿನ ಚಿಹ್ನೆ ಮಿನುಗುತ್ತಲೇ ಇದ್ದರೆ ಒಳಗಿನ ಮೋಟರ್ ಅಥವಾ ಶಟರ್ ಸಿಕ್ಕಿಕೊಂಡಿದೆ. ರಿಪೇರಿಗೆ ಕೊಡುವಾಗ ಬರೀ "ಕೆಟ್ಟೈತ್ರಿ" ಎನ್ನದೆ ತಪ್ಪು ಕಾಣುವ ನೆಗೆಟಿವ್ ಪಟ್ಟಿ, ಹೊಸ ಸೆಲ್, ಯಾವ ಶಟರ್ ವೇಗದಲ್ಲಿ ತಪ್ಪುತ್ತದೆ ಎಂದು ಬರೆದ ಚೀಟಿ, ಮೂರನ್ನೂ ಜೊತೆಗಿಡಿ.